ಅವಿಲು ಬೈಕಿಗೆ ಒಂದು ರೂಪ: ಆರು ಸಾವಿರದೊಳಗೆ

ಕಾಸರಗೋಡಿನ ನೀರ್ಚಾಲಿನಲ್ಲಿ ಚಾ ಕುಡಿಯಲು ಬೈಕ್ ನಿಲ್ಲಿಸಿದರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಿದ್ದರು. “ಇದು ಯಾವ ಕಂಪೆನಿದ್ದು ಮಾರಾಯ್ರೆ?”

ಕೇಳುವವರದ್ದು ತಪ್ಪಲ್ಲ. ಅದು 2006ರ ಸ್ಪ್ಲೆಂಡರ್ ಪ್ಲಸ್. ಮಾವ ವರ್ಷಗಟ್ಟಲೆ ಓಡಿಸಿ, ಬಿದ್ದಾಗಲೆಲ್ಲ ಕೈಗೆ ಸಿಕ್ಕಿದ ಸಾಮಾನು ಹಾಕಿಸಿ, ಕಡೆಗೆ ನನಗೆ ದಾಟಿಸಿದ್ದು. ಟ್ಯಾಂಕ್ ಕಪ್ಪು, ಸ್ಟಿಕ್ಕರ್ ಎದ್ದುಹೋಗಿದೆ. ಎಡದ ಸೈಡ್ ಪ್ಯಾನೆಲ್ ಬೆಳ್ಳಿ ಬಣ್ಣ, ಬಲದ್ದು ಕೆಂಪು. ಮುಂದಿನ ಮಡ್‌ಗಾರ್ಡ್ ಬೇರೆ ಯಾವುದೋ ಬೈಕಿನದ್ದು. ಒಂದು ಕನ್ನಡಿ ದುಂಡಗೆ, ಇನ್ನೊಂದು ಚೌಕ. ಸೀಟಿಗೆ ನೀಲಿ ರೆಕ್ಸಿನ್. ಇಷ್ಟರ ಮೇಲೆ ತೋಟಕ್ಕೆ ಮದ್ದು ಸಾಗಿಸಿದ ಮೈಲುತುತ್ತಿನ ಕಲೆ.

ಮನೆಯಲ್ಲಿ ಅದಕ್ಕೆ ಅವಿಲು, ಅಂದರೆ ಅವಿಯಲ್ ಅಂತಲೇ ಹೆಸರು. ಆದರೆ ಅವಿಲಿಗೆ ಎಷ್ಟು ಬಗೆ ತರಕಾರಿ ಹಾಕಿದರೂ ತೆಂಗಿನಕಾಯಿ, ಮಜ್ಜಿಗೆ ಸೇರಿ ಒಂದೇ ಪದಾರ್ಥ ಆಗುತ್ತದೆ. ಬೈಕಿಗೆ ಆ ತೆಂಗಿನಕಾಯಿ ಯಾವುದು? ನನಗೆ ತಿಳಿಯಲು ಒಂದು ವರ್ಷ, ಎರಡು ಸಲ ಹಾಳಾದ ಬಣ್ಣ ಬೇಕಾಯಿತು. ಅದು ಹೊಸ ಸಾಮಾನು ಅಲ್ಲ. ಒಂದೇ ಬಣ್ಣ, ಒಂದೇ ಹೊಳಪು, ಒಂದೇ ಗೆರೆ. ಕಾಸರಗೋಡಿಗೆ ಏಳು ಭಾಷೆ ಚಂದ. ಬೈಕಿಗೆ ಏಳು ಬಣ್ಣ ಚಂದ ಅಲ್ಲ.

ಒಂದು ಮಾತು ಮೊದಲೇ ಹೇಳುತ್ತೇನೆ. ಬ್ರೇಕ್, ಟಯರ್, ಚೈನ್ ಸರಿ ಇಲ್ಲದಿದ್ದರೆ ದುಡ್ಡು ಅಲ್ಲಿಗೆ ಹೋಗಲಿ. ಬಣ್ಣ ಆಮೇಲೆ.

ಮೊದಲು ಒಂದು ಫೋಟೋ

ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಖಾಲಿ ಗೋಡೆಯ ಎದುರು ನಿಲ್ಲಿಸಿ. ನಾಲ್ಕೈದು ಹೆಜ್ಜೆ ಹಿಂದೆ ಬಂದು, ಕುಕ್ಕರಗಾಲಲ್ಲಿ ಕೂತು, ಪಕ್ಕದಿಂದ ಫೋಟೋ ತೆಗೆಯಿರಿ. ಫೋನಿನಲ್ಲೇ ಅದನ್ನು ಕಪ್ಪು-ಬಿಳುಪು ಮಾಡಿ. ಬಣ್ಣ ಹೋದ ಮೇಲೆ ಉಳಿದ ದೋಷಗಳು ಎದ್ದು ಕಾಣುತ್ತವೆ.

ನನ್ನ ಫೋಟೋದಲ್ಲಿ ಕೆಂಪು ಪ್ಯಾನೆಲ್ ಅಷ್ಟೇನೂ ಕಣ್ಣಿಗೆ ಹೊಡೆಯಲಿಲ್ಲ. ಹೊಡೆದದ್ದು ಮುಂದಿನ ಮಡ್‌ಗಾರ್ಡ್. ಟಯರಿನಿಂದ ಮುಂದುಗಡೆ ಮೂರು ಬೆರಳು ಮೇಲೆ, ಹಿಂದುಗಡೆ ಒಂದು ಬೆರಳು. ಸೀಟು ಟ್ಯಾಂಕಿನ ಹತ್ತಿರ ಕುಸಿದು ಹಿಂದೆ ಗುಡ್ಡದ ಹಾಗೆ ಎದ್ದಿತ್ತು. ಹ್ಯಾಂಡಲಿನಿಂದ ವಯರುಗಳು ಬಿಳಲಿನ ಹಾಗೆ ನೇತಾಡುತ್ತಿದ್ದವು. ಇವಕ್ಕೆಲ್ಲ ಬಣ್ಣ ಬೇಡ, ವಾಶರ್ ಮತ್ತು ವಯರು ಕಟ್ಟುವ ಕೇಬಲ್ ಟೈ ಸಾಕು. ಮಡ್‌ಗಾರ್ಡಿನ ಬೋಲ್ಟಿಗೆ ಎರಡು ವಾಶರ್ ಕೊಟ್ಟು ಟಯರಿಗೆ ಸಮಾಂತರ ಮಾಡಿದೆ. ಹಾಗೆ ಮಾಡುವಾಗ ಮುಂದಿನ ಶಾಕ್ ಪೂರ್ತಿ ಒತ್ತಿ ನೋಡಿ. ಟಯರ್ ಎಲ್ಲೂ ತಾಗಬಾರದು.

ಆಮೇಲೆ ತೆಗೆಯಬೇಕಾದ್ದನ್ನು ತೆಗೆಯಿರಿ. ಹಳೇ ಸ್ಟಿಕ್ಕರ್, ಉರಿಯದ ಎಲ್‌ಇಡಿ ಪಟ್ಟಿ, ಎರಡನೇ ಹಾರ್ನ್, ತುಕ್ಕು ಹಿಡಿದ ಕ್ಯಾರಿಯರ್. ಹಿಂದಿನ ಚಕ್ರದ ಬದಿಯ ಸಾರಿ ಗಾರ್ಡ್ ಮಾತ್ರ ತೆಗೆಯಬೇಡಿ. ಬೈಕ್ ಸಪೂರ ಕಾಣಲಿ ಅಂತ ಹುಡುಗರು ಮೊದಲು ಬಿಚ್ಚುವುದೇ ಅದನ್ನು. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಜಾಗ, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆ ಇಲ್ಲದ ಮರೆ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮದ 123ನೇ ನಿಯಮವೇ ಹೇಳುತ್ತದೆ. ಅದನ್ನು ಕಪ್ಪು ಮಾಡಿಬಿಡಿ, ಕಣ್ಣಿಗೆ ಬೀಳುವುದೇ ಇಲ್ಲ.

ಯಾವ ಬಣ್ಣ?

ಆರ್‌ಸಿ ತೆಗೆದು ಅದರಲ್ಲಿ ಬರೆದ ಬಣ್ಣ ನೋಡಿ. ಅದನ್ನೇ ಇಟ್ಟುಕೊಂಡರೆ ಯಾರ ಹತ್ತಿರವೂ ಕೇಳಲಿಕ್ಕಿಲ್ಲ. ಬೇರೆ ಬಣ್ಣ ಬೇಕಿದ್ದರೆ ಆರ್‌ಟಿಒಗೆ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ಬದಲಾಯಿಸಿಕೊಳ್ಳಬೇಕು. ನನ್ನದರಲ್ಲಿ ಕಪ್ಪು ಅಂತ ಇತ್ತು, ಬದುಕಿದೆ. ಕಪ್ಪು ಸಾಮಾನು ಗುಜರಿಯಲ್ಲಿ ಬೇಗ ಸಿಗುತ್ತದೆ, ತೇಪೆ ಹಾಕುವುದೂ ಸುಲಭ.

ಇನ್ನು ಹೊಳಪಿನ ವಿಷಯ. ನಾನು ಮೊದಲ ಸಲ ಎಲ್ಲವನ್ನೂ ಕಪ್ಪೇ ಮಾಡಿದ್ದೆ. ಆದರೂ ಬೈಕ್ ಒಂದಾಗಲಿಲ್ಲ. ಟ್ಯಾಂಕ್ ಮಿರಮಿರ ಹೊಳೆಯುತ್ತಿತ್ತು, ಪ್ಯಾನೆಲ್ ಮ್ಯಾಟ್, ಮಡ್‌ಗಾರ್ಡ್ ಎರಡರ ನಡುವೆ. ಒಂದೇ ಬಣ್ಣದ ಮೂರು ಹೊಳಪು ಮೂರು ಬಣ್ಣದಷ್ಟೇ ಕೆಟ್ಟದು. ಈಗ ನಾನು ಬೈಕನ್ನು ಮೂರು ಪಾಲು ಮಾಡುತ್ತೇನೆ. ಟ್ಯಾಂಕ್, ಸೈಡ್ ಪ್ಯಾನೆಲ್, ಮಡ್‌ಗಾರ್ಡ್, ಹೆಡ್‌ಲೈಟಿನ ಮೂತಿ ಒಂದು ಪಾಲು, ಇವು ಹೊಳೆಯುವ ಕಪ್ಪು. ಸ್ಟ್ಯಾಂಡ್, ಸಾರಿ ಗಾರ್ಡ್, ಹಿಡಿಕೆ, ಚೈನ್ ಕವರ್, ಸೈಲೆನ್ಸರ್ ಎರಡನೇ ಪಾಲು, ಇವು ಮ್ಯಾಟ್ ಕಪ್ಪು. ಎಂಜಿನ್ ಮತ್ತು ರಿಮ್ ಲೋಹದ ಬಣ್ಣದಲ್ಲೇ ಇರಲಿ. ನಾಲ್ಕನೇ ಬಣ್ಣ ಬೇಡ. ಕೆಂಪು ಗ್ರಿಪ್, ಚಿನ್ನದ ಬಣ್ಣದ ಬೋಲ್ಟ್ ನೋಡಿದರೆ ಕೈ ತುರಿಸುತ್ತದೆ. ತಡೆದುಕೊಳ್ಳಿ.

ತೊಳೆಯುವುದು

ಇದಕ್ಕೆ ಒಂದು ಬೆಳಗ್ಗೆ ಪೂರ್ತಿ ಇಡಿ. ಎಂಜಿನ್ ತಣ್ಣಗಿರಬೇಕು. ಸೈಲೆನ್ಸರಿನ ಬಾಯಿಗೆ, ಏರ್ ಫಿಲ್ಟರಿನ ಬಾಯಿಗೆ ಬಟ್ಟೆ ತುರುಕಿ. ಎಣ್ಣೆ ಜಿಡ್ಡಿಗೆ ಚಿಮಿಣಿ ಎಣ್ಣೆ ಅಥವಾ ಡೀಸೆಲ್, ಹಳೇ ಹಲ್ಲುಜ್ಜುವ ಬ್ರಶ್. ಬ್ರೇಕಿನ ಡ್ರಮ್ಮಿಗೆ, ಟಯರಿಗೆ ಎಣ್ಣೆ ಹನಿಯದ ಹಾಗೆ ನೋಡಿಕೊಳ್ಳಿ. ಆಮೇಲೆ ಸೋಪಿನ ನೀರು.

ನಮ್ಮ ಕಡೆ ಎರಡು ಕಲೆ ಹಠಮಾರಿ. ಒಂದು ಕೆಂಪು ಮಣ್ಣು. ಅದು ಒಣಗಿದಾಗ ಉಜ್ಜಬೇಡಿ, ಬಣ್ಣಕ್ಕೆ ಗೀರು ಬೀಳುತ್ತದೆ. ನೀರು ಬಿಟ್ಟು ನೆನೆಸಿ ಹರಿಸಿ ಬಿಡಬೇಕು. ಇನ್ನೊಂದು ಬೋರ್ಡೋ ದ್ರಾವಣದ ಕಲೆ. ಮೈಲುತುತ್ತು, ಸುಣ್ಣ ಒಂದೊಂದು ಕಿಲೋ, ನೂರು ಲೀಟರ್ ನೀರು ಸೇರಿಸಿ ಮಾಡುವ ಆ ಮದ್ದು ಅಡಿಕೆ ಕೊಳೆರೋಗಕ್ಕೆ ಒಳ್ಳೆಯದೇ, ಬೈಕಿಗೆ ಅಲ್ಲ. ಕಲೆಯ ಮೇಲೆ ವಿನೆಗರ್ ಅದ್ದಿದ ಬಟ್ಟೆ ಐದು ನಿಮಿಷ ಇಟ್ಟರೆ ಸುಣ್ಣ ಕರಗಿ ಬಿಡುತ್ತದೆ. ಕೂಡಲೇ ಚೆನ್ನಾಗಿ ನೀರು ಹಾಕಿ ತೊಳೆಯಿರಿ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಹತ್ತಿರ ತರಬೇಡಿ. ಎಂಜಿನಿನ ಅಲ್ಯೂಮಿನಿಯಂ ಕಪ್ಪಾಗಿ ಬೂದು ಹಿಡಿದಂತೆ ಆಗುತ್ತದೆ, ಕ್ರೋಮೂ ಹೋಗುತ್ತದೆ.

ತೊಳೆದು ಒಣಗಿದ ಬೈಕನ್ನು ಮತ್ತೊಮ್ಮೆ ನೋಡಿ. ಅರ್ಧ ಕೆಲಸ ಮುಗಿದ ಹಾಗೆ ಅನಿಸುತ್ತದೆ. ಸುಮ್ನೆ ಅನಿಸುವುದಲ್ಲ, ನಿಜಕ್ಕೂ ಮುಗಿದಿರುತ್ತದೆ.

ಜೋಡಿ ಸಾಮಾನು

ಕೊಳ್ಳುವುದಿದ್ದರೆ ಜೋಡಿಯಾಗಿಯೇ ಕೊಳ್ಳಿ. ಒಂದು ಕನ್ನಡಿ ಒಡೆದರೆ ಎರಡನ್ನೂ ಬದಲಾಯಿಸಿ. ಗ್ರಿಪ್ ಎರಡು, ಇಂಡಿಕೇಟರ್ ನಾಲ್ಕು, ಫುಟ್‌ರೆಸ್ಟಿನ ರಬ್ಬರ್ ನಾಲ್ಕು. ಎದುರಿನಿಂದ ಬರುವವರು ಮೊದಲು ನೋಡುವುದು ಹೆಡ್‌ಲೈಟ್ ಮತ್ತು ಕನ್ನಡಿಯನ್ನು. ಅದು ಎಡಬಲ ಸಮ ಇದ್ದರೆ ಉಳಿದದ್ದನ್ನು ಕಣ್ಣು ಮನ್ನಿಸುತ್ತದೆ.

ಸೈಡ್ ಪ್ಯಾನೆಲಿಗೆ ಗುಜರಿಯೇ ಸರಿ. ಮಲಯಾಳದಲ್ಲಿ ಕೇಳುವುದಾದರೆ ಆಕ್ರಿ ಕಡ. ಬಣ್ಣ ನೋಡಬೇಡಿ, ಹೇಗೂ ಬಳಿಯಲಿಕ್ಕಿದೆ. ನೋಡಬೇಕಾದ್ದು ಹಿಂಬದಿಯ ಗೂಟಗಳನ್ನು. ಪ್ಯಾನೆಲ್ ರಬ್ಬರಿನೊಳಗೆ ಕೂರುವುದು ಆ ಗೂಟಗಳ ಮೇಲೆ. ಒಂದು ಮುರಿದಿದ್ದರೂ ಪ್ಯಾನೆಲ್ ಅಲ್ಲಾಡುತ್ತದೆ, ಒಂದು ದಿನ ಬೋವಿಕ್ಕಾನದ ತಿರುವಿನಲ್ಲಿ ಬಿದ್ದುಹೋಗುತ್ತದೆ. ನಿಮ್ಮ ಹಳೇ ಪ್ಯಾನೆಲನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಒಂದೇ ಹೆಸರಿನ ಬೈಕಿಗೂ ವರ್ಷ ಬದಲಾದ ಹಾಗೆ ಅಳತೆ ಬದಲಾಗಿರುತ್ತದೆ.

ಬಣ್ಣ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ನಾನು ಎಡವಿದ್ದು ಇಲ್ಲಿಯೇ.

ಮೊದಲ ಸಲ ನಾನು ಟ್ಯಾಂಕಿಗೆ ಬಣ್ಣ ಹೊಡೆದದ್ದು ಅಕ್ಟೋಬರಿನಲ್ಲಿ. ತುಲಾಮಾಸದ ಮಳೆ, ಮಧ್ಯಾಹ್ನದವರೆಗೆ ಬಿಸಿಲು, ಮೂರು ಗಂಟೆಗೆ ಗುಡುಗು. ಬಿಸಿಲಿದೆಯಲ್ಲ ಅಂತ ಸ್ಪ್ರೇ ಡಬ್ಬಿ ಹಿಡಿದೆ. ಅರ್ಧ ಗಂಟೆಯಲ್ಲಿ ಕಪ್ಪಿನ ಮೇಲೆ ಬೂದಿ ಬಳಿದ ಹಾಗೆ ಬಿಳಿ ಮಬ್ಬು ಬಂತು. ತಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಬಣ್ಣದ ಮೇಲೆ ಕೂರುತ್ತದೆ. ಮಬ್ಬು ಅದರದ್ದೇ. ಒಣ ಹವೆಯ ದಿನ ನೋಡಿ, 1000 ನಂಬರಿನ ಉಜ್ಜುವ ಕಾಗದದಲ್ಲಿ ಹಗುರಾಗಿ ಉಜ್ಜಿ, ಇನ್ನೊಂದು ಕೋಟ್ ಹೊಡೆದರೆ ಸರಿಯಾಗುತ್ತದೆ. ನಾನೂ ಹಾಗೆ ಮಾಡಿದೆ. ಮೇಲೆ ಡಬ್ಬಿಯದ್ದೇ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಹೊಳಪಿನ ಪದರ ಕೊಟ್ಟೆ. ಕನ್ನಡಿಯ ಹಾಗೆ ಬಂತು.

ಆ ಸಂತೋಷ ಮೊದಲ ಸಲ ಪೆಟ್ರೋಲ್ ಹಾಕಿಸುವವರೆಗೆ. ಮುಚ್ಚಳದ ಹತ್ತಿರ ನಾಲ್ಕು ಹನಿ ಚೆಲ್ಲಿತು. ಒರೆಸುವ ಮೊದಲೇ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕಾಯಿತು. ಡಬ್ಬಿಯಲ್ಲಿ ಸಿಗುವ ಸಾಮಾನ್ಯ ಕ್ಲಿಯರ್ ಒಣಗುವುದು ತಿನ್ನರ್ ಆರಿ ಮಾತ್ರ. ಪೆಟ್ರೋಲ್ ತಾಗಿದರೆ ಮತ್ತೆ ಕರಗುತ್ತದೆ. ಪೆಟ್ರೋಲಿಗೆ ಜಗ್ಗದ್ದು ಹಾರ್ಡ್‌ನರ್, ಅಂದರೆ ಗಟ್ಟಿ ಮಾಡುವ ದ್ರಾವಣ ಬೆರೆಸುವ ಕ್ಲಿಯರ್. ಆದರೆ ಹಾರ್ಡ್‌ನರಿನಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದು. ಬಟ್ಟೆಯ ಮಾಸ್ಕಿಗೆಲ್ಲ ಅದು ನಿಲ್ಲುವುದಿಲ್ಲ.

ಹಾಗಾಗಿ ನನ್ನ ಲೆಕ್ಕ ಇದು: ಹೊಳೆಯುವ ಪಾಲನ್ನು ಪೈಂಟರಿಗೆ ಕೊಡಿ, ಮ್ಯಾಟ್ ಪಾಲನ್ನು ನೀವು ಮಾಡಿ. ಟ್ಯಾಂಕನ್ನು ಮಾತ್ರ ಕೊಡುವುದಲ್ಲ. ಪ್ಯಾನೆಲ್, ಮಡ್‌ಗಾರ್ಡ್ ಎಲ್ಲ ಒಟ್ಟಿಗೆ, ಒಂದೇ ದಿನ, ಒಂದೇ ಕಪ್ಪಿನಲ್ಲಿ. ಆಗಲೇ ಹೊಳಪು ಒಂದಾಗುವುದು. ಕುಂಬಳೆಯ ಕಡೆ ಒಬ್ಬ ಪೈಂಟರಿನ ಹತ್ತಿರ ಕೇಳಿದೆ, “ಅಣ್ಣ, ಹಾರ್ಡ್‌ನರ್ ಹಾಕುವ ಕ್ಲಿಯರ್ ಕೊಡ್ತೀರಾ?” ಅವರು ತಲೆ ಎತ್ತಲೇ ಇಲ್ಲ. “ಅದಿಲ್ಲದೆ ನಾನು ಟ್ಯಾಂಕಿಗೆ ಕೈ ಹಾಕ್ಲಿಕ್ಕಿಲ್ಲ.” ಅಂಥವರ ಹತ್ತಿರವೇ ಕೊಡಿ.

ಕೂಲಿ ಇಳಿಸಲು ಒಂದು ದಾರಿ ಇದೆ. ಉಜ್ಜುವ ಕೆಲಸ ನಾವೇ ಮಾಡಿ ಕೊಡುವುದು. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿ, ಮುಚ್ಚಳ ತೆರೆದು ಬಯಲಲ್ಲಿ ಆರಲು ಬಿಡಿ. ಖಾಲಿ ಟ್ಯಾಂಕಿನೊಳಗೂ ಪೆಟ್ರೋಲಿನ ಆವಿ ಇರುತ್ತದೆ, ತುಂಬಿದ ಟ್ಯಾಂಕಿಗಿಂತ ಅದೇ ಅಪಾಯ. ಗ್ರೈಂಡರ್, ಬೀಡಿ ಎರಡೂ ದೂರ. ಕೈಯಲ್ಲೇ ಉಜ್ಜಿ. ಪೈಂಟಿನ ಅಂಗಡಿಯಲ್ಲಿ ವಾಟರ್ ಪೇಪರ್ ಅಂತ ಕೇಳಿ. ನಂಬರ್ ಸಣ್ಣದಾದಷ್ಟೂ ಒರಟು. ತುಕ್ಕು ಇದ್ದಲ್ಲಿ 80, ಆಮೇಲೆ 120, 220. ಹಳೇ ಬಣ್ಣ ಗಟ್ಟಿ ಇದ್ದರೆ ಅದನ್ನು ಕೀಳುವುದು ಬೇಡ, 400ರಲ್ಲಿ ನೀರು ಹಾಕಿ ಉಜ್ಜಿ ಹೊಳಪು ಹೋಗಿಸಿದರೆ ಸಾಕು. ಅಂಚು ಉಗುರಿಗೆ ತಾಗುವುದು ನಿಲ್ಲುವವರೆಗೆ ಉಜ್ಜುತ್ತಲೇ ಇರಿ. ಉಗುರಿಗೆ ಸಿಗುವ ಅಂಚು ಬಣ್ಣದ ಮೇಲೂ ಕಾಣುತ್ತದೆ. ನೆಗ್ಗಿದಲ್ಲಿ ಪುಟ್ಟಿ ತೆಳ್ಳಗೆ ಎರಡು ಸಲ, ದಪ್ಪಗೆ ಒಂದೇ ಸಲ ಅಲ್ಲ.

ನಿಮ್ಮ ಪಾಲಿನ ಮ್ಯಾಟ್ ಕಪ್ಪಿಗೆ ಕಾಲ ಡಿಸೆಂಬರಿನಿಂದ ಫೆಬ್ರವರಿ. ಇಬ್ಬನಿ ಆರಿದ ಮೇಲೆ ಹತ್ತು ಗಂಟೆಗೆ ಶುರು ಮಾಡಿ, ಮಧ್ಯಾಹ್ನ ಎರಡಕ್ಕೆ ಮುಗಿಸಿ. ನೆರಳಿರಲಿ. ಬಿಸಿಲಿಗೆ ಕಾದ ಕಬ್ಬಿಣದ ಮೇಲೆ ಬಣ್ಣ ಹರಡುವ ಮೊದಲೇ ಒಣಗಿ ಮರಳಿನ ಹಾಗೆ ಆಗುತ್ತದೆ. ಮಣ್ಣಿನ ಅಂಗಳವಾದರೆ ಮೊದಲು ನೀರು ಚಿಮುಕಿಸಿ ಧೂಳು ಕೂರಿಸಿ. ಸಾಮಾನುಗಳನ್ನು ತಂತಿಯಲ್ಲಿ ನೇತುಹಾಕಿ.

ಪ್ರೈಮರ್, ಅಂದರೆ ಬುಡದ ಬಣ್ಣ, ಎರಡು ಕೋಟ್, ಒಣಗಿದ ಮೇಲೆ 600ರಲ್ಲಿ ಒಂದು ಸುತ್ತು, ಮತ್ತೆ ಬಣ್ಣ. ಡಬ್ಬಿಯನ್ನು ಎರಡು ನಿಮಿಷ ಕುಲುಕಿ, ಮೊದಲು ಒಂದು ಅಡಿಕೆ ಹಾಳೆಯ ಮೇಲೆ ಹೊಡೆದು ನೋಡಿ. 20-25 ಸೆಂಟಿಮೀಟರ್ ದೂರ, ಅಂದರೆ ಒಂದು ಗೇಣು. ಒತ್ತುವುದು ಸಾಮಾನಿನ ಹೊರಗೆ, ಬಿಡುವುದೂ ಹೊರಗೆ. ನಡುವೆ ಕೈ ನಿಂತರೆ ಅಲ್ಲೇ ಇಳಿಯುತ್ತದೆ. ಮೊದಲ ಕೋಟಿನಲ್ಲಿ ಅಡಿಯ ಬಣ್ಣ ಕಾಣಬೇಕು. ಕಾಣದಿದ್ದರೆ ನೀವು ಜಾಸ್ತಿ ಹೊಡೆದಿದ್ದೀರಿ. ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಮೂರನೆಯದು. ಯಕ್ಷಗಾನದವರು ಬಣ್ಣ ಹಚ್ಚುವ ಚೌಕಿಯಲ್ಲಿ ಕೂತು ನೋಡಿದವರಿಗೆ ಈ ತಾಳ್ಮೆ ಹೊಸತಲ್ಲ. ಅಲ್ಲಿಯೂ ಬಣ್ಣಕ್ಕೆ ಹೊತ್ತು ಹೋಗುತ್ತದೆ.

ಒಣಗಿಸಲು ನಮ್ಮಲ್ಲಿ ಒಂದು ಒಳ್ಳೇ ಜಾಗ ಇದೆ, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದೆಸಿದ ಮನೆ. ಒಳಗೆ ಅಡಿಕೆ ಇಲ್ಲದ ಹೊತ್ತು ನೋಡಿಕೊಳ್ಳಿ, ಹಸಿ ಅಡಿಕೆ ಇದ್ದರೆ ಅದರದ್ದೇ ತೇವ. ಹೊರಗೆ ಬಣ್ಣ ಹೊಡೆದು, ಕೈಗೆ ಅಂಟದಷ್ಟು ಆರಿದ ಮೇಲೆ ಒಳಗೆ ತೂಗುಹಾಕಿ. ಧೂಳಿಲ್ಲ, ಬೆಚ್ಚಗೆ, ಇಬ್ಬನಿಯ ಭಯ ಇಲ್ಲ. ಅದರೊಳಗೇ ನಿಂತು ಸ್ಪ್ರೇ ಹೊಡೆಯುವ ಬುದ್ಧಿ ಮಾತ್ರ ಬೇಡ, ತಲೆ ತಿರುಗಿ ಬೀಳುತ್ತೀರಿ.

ಪ್ಲಾಸ್ಟಿಕ್ಕಿಗೆ ಬೇರೆ ಪ್ರೈಮರ್ ಬರುತ್ತದೆ. ಅದಿಲ್ಲದೆ ಹೊಡೆದ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಮೇಣದ ಹಾಗೆ ಜಾರುವ, ಬಗ್ಗುವ ಪ್ಲಾಸ್ಟಿಕ್ ಇದ್ದರೆ ಬಣ್ಣದ ಆಸೆಯೇ ಬೇಡ, ತೊಳೆದು ಹಾಗೇ ಬಿಡಿ. ತೆಂಗಿನೆಣ್ಣೆ ಹಚ್ಚಿದರೆ ಕಪ್ಪಾಗುತ್ತದೆ ಅಂತ ಹೇಳುವವರಿದ್ದಾರೆ. ಆಗುತ್ತದೆ, ಎರಡು ದಿನ. ಮೂರನೇ ದಿನ ಊರಿನ ಧೂಳೆಲ್ಲ ಅದರ ಮೇಲೆ.

ಸೈಲೆನ್ಸರಿಗೆ ಶಾಖ ತಡೆಯುವ ಬಣ್ಣವೇ ಬೇಕು. ಹೊಡೆದು ಒಣಗಿದ ಮೇಲೆ ಎಂಜಿನ್ ಕೆಲವು ನಿಮಿಷ ಓಡಿಸಿ, ಆರಲು ಬಿಡಿ, ಮತ್ತೆ ಸ್ವಲ್ಪ ಜಾಸ್ತಿ ಹೊತ್ತು ಓಡಿಸಿ. ಕಾದೇ ಅದು ಗಟ್ಟಿಯಾಗುವುದು.

ತುಕ್ಕು

ಮಂಜೇಶ್ವರ, ಕುಂಬಳೆ, ಬೇಕಲದಂಥ ಕಡಲ ಬದಿಯ ಊರಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಉಪ್ಪು ಗಾಳಿಗೆ ಮೊದಲು ಹೋಗುವುದು ಸ್ಪೋಕ್ ಮತ್ತು ರಿಮ್. ಕ್ರೋಮಿನ ಮೇಲೆ ಚುಕ್ಕಿ ತುಕ್ಕಿದ್ದರೆ ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಲ್ಲಿ ಅದ್ದಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗೆ, ಹಾಗಾಗಿ ತುಕ್ಕು ಹೋಗುತ್ತದೆ, ಗೀರು ಬೀಳುವುದಿಲ್ಲ. ಒರೆಸಿ ಒಣಗಿಸಿ ಮೇಣದ ಪಾಲಿಶ್ ಹಚ್ಚಿ. ಕ್ರೋಮೇ ಎದ್ದುಹೋಗಿದ್ದರೆ ಉಜ್ಜಿ ಫಲವಿಲ್ಲ. ಮತ್ತೆ ಕ್ರೋಮ್ ಮಾಡಿಸುವ ಖರ್ಚಿಗೆ ಹೊಸ ರಿಮ್ಮೇ ಬರಬಹುದು. ಅಂಥದ್ದನ್ನು ಮ್ಯಾಟ್ ಪಾಲಿಗೆ ಸೇರಿಸಿ ಕಪ್ಪು ಮಾಡಿಬಿಡಿ. ಟಯರ್ ಬಿಚ್ಚುವುದು ಬೇಡ. ಹಳೇ ಮದುವೆ ಕಾಗದಗಳನ್ನು ರಿಮ್ಮಿಗೂ ಟಯರಿಗೂ ನಡುವೆ ಸುತ್ತಲೂ ಸಿಕ್ಕಿಸಿದರೆ ಟಯರಿಗೆ ಬಣ್ಣ ಬೀಳುವುದಿಲ್ಲ. ಸ್ಪೋಕಿನ ನಿಪ್ಪಲಿಗೆ ದಪ್ಪಗೆ ಬಳಿದರೆ ಮುಂದೆ ಚಕ್ರದ ಓಲಾಟ ತೆಗೆಯುವ ಮೇಸ್ತ್ರಿ ನಿಮಗೆ ಬೈಯುತ್ತಾರೆ.

ಬಿಚ್ಚಿದ ಬೋಲ್ಟುಗಳನ್ನು ಹಾಳೆಯ ಮೇಲೆ ಬೈಕಿನ ಆಕಾರದಲ್ಲೇ ಜೋಡಿಸಿಡಿ. ತುಕ್ಕು ಹಿಡಿದವನ್ನು ಹೊಸತು ಹಾಕುವಾಗ ಎಲ್ಲ ಒಂದೇ ಬಗೆಯ ತಲೆಯದ್ದಿರಲಿ. ಬೋಲ್ಟಿನ ತಿರುಪಿಗೆ ಸ್ವಲ್ಪ ಗ್ರೀಸ್.

ಸೀಟು

ಕಡಿಮೆ ಖರ್ಚಿನಲ್ಲಿ ಎದ್ದು ಕಾಣುವ ಬದಲಾವಣೆ ಯಾವುದು ಅಂತ ಕೇಳಿದರೆ ನಾನು ಸೀಟು ಅಂತೇನೆ. ಸಾದಾ ಕಪ್ಪು ರೆಕ್ಸಿನ್, ಕಂಪೆನಿಯ ಹೆಸರಿಲ್ಲದ್ದು, ಹೊಲಿಗೆಯೂ ಕಪ್ಪು. ಕವರ್ ಬದಲಾಯಿಸುವ ಮೊದಲು ಸ್ಪಂಜನ್ನು ನೋಡಲು ಹೇಳಿ. ಕುಸಿದಲ್ಲಿ ತುಂಡು ಸೇರಿಸಿ, ಎದ್ದಲ್ಲಿ ಕೊಯ್ದರೆ ಸೀಟಿನ ಗೆರೆ ಟ್ಯಾಂಕಿನ ಬುಡದಿಂದ ನೇರ ಹಿಂದೆ ಹೋಗುತ್ತದೆ. ರೆಕ್ಸಿನಿನ ಅಡಿಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಕಿಸಿ. ನಮ್ಮ ಮಳೆಗೆ ನೀರು ಹೊಲಿಗೆಯ ತೂತಲ್ಲಿ ಇಳಿದು ಸ್ಪಂಜು ಹೀರಿಕೊಂಡರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಪ್ಯಾಂಟು ಒಣಗುವುದಿಲ್ಲ.

ನಂಬರ್ ಪ್ಲೇಟ್, ಕಾನೂನು

ಬಣ್ಣ ಮಾಸಿದ ನಂಬರ್ ಪ್ಲೇಟ್ ಎಲ್ಲ ಕೆಲಸವನ್ನೂ ಹಾಳು ಮಾಡುತ್ತದೆ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ಮುಂದೆ 30 ಮಿಲಿಮೀಟರ್ ಎತ್ತರ, ಹಿಂದೆ ಅಕ್ಷರ 35, ಅಂಕಿ 40. ಕನ್ನಡದ ಅಂಕಿ ಹಾಕುವ ಆಸೆ ನನಗೂ ಇತ್ತು, ನಿಯಮ ಬಿಡುವುದಿಲ್ಲ. ಬದಲಿಗೆ ಸೈಡ್ ಪ್ಯಾನೆಲಿನ ಮೂಲೆಯಲ್ಲಿ ಸಣ್ಣಕ್ಕೆ ‘ಅವಿಲು’ ಅಂತ ಬೆಳ್ಳಿ ಬಣ್ಣದಲ್ಲಿ ಬರೆಸಿದೆ. ನಾಲ್ಕನೇ ಬಣ್ಣ ಅಲ್ಲ, ರಿಮ್ಮಿನದ್ದೇ ಬಣ್ಣ.

ಸೈಲೆನ್ಸರ್ ಬದಲಾಯಿಸುವುದು, ಚಾಸಿ ಕೊಯ್ಯುವುದು, ಕನ್ನಡಿ ತೆಗೆಯುವುದು ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದ ಮೇಲೆ ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಇದೆ, ಆರು ತಿಂಗಳವರೆಗೆ ಸಜೆಯೂ ಆಗಬಹುದು. ನಮ್ಮ ಕಡೆಯವರು ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರು. ಎರಡು ರಾಜ್ಯದ ಪೊಲೀಸರಿಗೆ ಉತ್ತರ ಕೊಡಬೇಕು, ಅಲ್ವಾ? ಹದಿನೈದು ವರ್ಷ ದಾಟಿದ ಬೈಕಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಬಣ್ಣದ ಕೆಲಸವನ್ನು ಅದರ ಮುಂಚಿನ ಡಿಸೆಂಬರ್-ಫೆಬ್ರವರಿಗೆ ಇಟ್ಟುಕೊಂಡರೆ ಒಂದೇ ಖರ್ಚಿನಲ್ಲಿ ಎರಡೂ ಆಯಿತು.

ನನಗೆ ಬಿದ್ದದ್ದು: ಪೈಂಟರಿಗೆ 2,500, ಸ್ಪ್ರೇ ಡಬ್ಬಿ ಮೂರಕ್ಕೆ 900, ಸೀಟಿಗೆ 700, ಕನ್ನಡಿ, ಇಂಡಿಕೇಟರ್, ಗ್ರಿಪ್ ಸೇರಿ 900, ಗುಜರಿಗೆ 300, ಕಾಗದ, ಪ್ರೈಮರ್, ತಿನ್ನರ್ 500. ಒಟ್ಟು 5,800. ಹಾಳು ಮಾಡಿದ ಮೊದಲ ಬಣ್ಣದ ಲೆಕ್ಕ ಇದರಲ್ಲಿಲ್ಲ, ಅದನ್ನು ಮನೆಯಲ್ಲೂ ಹೇಳಿಲ್ಲ.

ಹೊಸ ಬಣ್ಣಕ್ಕೆ ಒಂದು ತಿಂಗಳು ಮೇಣದ ಪಾಲಿಶ್ ಹಚ್ಚಬೇಡಿ, ಒಳಗಿನ ತಿನ್ನರ್ ಪೂರ್ತಿ ಆರಲಿ. ಕಡಲ ಬದಿಗೆ ಹೋಗಿ ಬಂದ ದಿನ ಬರೀ ನೀರಲ್ಲಾದರೂ ತೊಳೆಯಿರಿ. ಮಳೆಗಾಲದಲ್ಲಿ ಒದ್ದೆ ಬೈಕಿನ ಮೇಲೆ ಟಾರ್ಪಾಲು ಬಿಗಿಯಾಗಿ ಹೊದೆಸಬೇಡಿ. ಒಳಗೆ ಬೆವರಿ, ಹೊರಗೆ ನಿಲ್ಲಿಸಿದ್ದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ನಮ್ಮದು ಈಗ ಕೊಟ್ಟಿಗೆಯ ಮಾಡಿನ ಅಡಿಯಲ್ಲಿ ನಿಲ್ಲುತ್ತದೆ. ದನ ಬಾಲ ಬೀಸುವ ಬದಿಯಲ್ಲಿ ಅಲ್ಲ.